ಪ್ರಶ್ನೋತ್ತರ: ಕ್ರಿಯಾ ಯೋಜನೆಗೆ ವೆಬ್ ನಕಾಶೆ, ಹಳ್ಳ ಮೊದಲೋ ಸರ್ವೆ ನಂಬರ್ ಮೊದಲೋ?

ಪ್ರಶ್ನೆ (ಪಿಡಿಓ, ಚಿತ್ತಾಪುರ ತಾಲೂಕು):
ಸರ್, ನಮಸ್ಕಾರ್ರಿ. ನಮ್ಮ ಪಂಚಾಯ್ತಿಗೆ ನಾಕು ಹಳ್ಳಿ, ಎರಡು ತಾಂಡಾ ಬರ್ತಾವ. ಕ್ರಿಯಾ ಯೋಜನೆ ಯುಕ್ತಧಾರಾದಾಗ, ಅಂದ್ರ ಸರ್ಕಾರದ ವೆಬ್ ನಕಾಶೆದಾಗ, ನಕಾಶೆ ಮ್ಯಾಲೇ ಹಾಕ್ರಿ ಅಂದಾರ. ವಾರ್ಡ್ ಸಭೆಯ ಕೆಲಸದ ಪಟ್ಟಿ ಕೈಯಾಗ ಅದ. ಒಂದೊಂದು ಕೆಲಸಕ್ಕ ಒಂದೊಂದು ಪಾಯಿಂಟ್ ಕುಂದ್ರಿಸಿದ್ರ ಆಯ್ತೇನ್ರಿ? ಇನ್ನೊಂದು, ಸರ್ವೆ ನಂಬರ್ ತೋರಿಸೋ ದಿಶಾಂಕ್ ಆ್ಯಪ್‌ನಾಗಿನ ಸರ್ವೆ ಗೆರೆ ಉಪಗ್ರಹ ಚಿತ್ರದ ಬದುವಿಗೆ ಕೂಡವಲ್ದು. ಯಾವುದು ನಂಬೋದು?

ಉತ್ತರ (ಜಿಐಎಸ್, ಅಂದರೆ ಕಂಪ್ಯೂಟರ್ ನಕಾಶೆ ಸಲಹೆಗಾರ, ಕಲಬುರಗಿ):
ನಮಸ್ಕಾರ. ಪಟ್ಟಿ ಹಿಡಿದು ಪಾಯಿಂಟ್ ಕೂರಿಸಿದರೆ ಅಪ್‌ಲೋಡ್ ಆಗ್ತದೆ, ಆದರೆ ಅದು ಪಟ್ಟಿಗೆ ಬಣ್ಣ ಬಳಿದಂಗೆ ಅಷ್ಟೇ. ಪಟ್ಟಿ ಬದಿಗಿಟ್ಟು ಮೊದಲು ಹಳ್ಳ ನೋಡಿ. ಹಳ್ಳ, ಇಳಿಜಾರು, ಭೂಬಳಕೆ ಈ ಮೂರು ಪದರ ಹಚ್ಚಿ, ಊರ ಗಡಿಯ ಪದರ ಸದ್ಯಕ್ಕೆ ಆಫ್ ಮಾಡಿಬಿಡಿ. ಕಾಗಿಣಾ ನದಿಗೋ ಅದರ ಉಪಹಳ್ಳಕ್ಕೋ ನೀರು ಸೇರುವ ಜಾಗದಿಂದ ಮೇಲ್ಮುಖವಾಗಿ, ಗೆರೆ ಮುಗಿಯುವ ದಿಣ್ಣೆಯವರೆಗೆ ಹೋಗಿ. ಆಮೇಲೆ ಗಡಿ ಹಚ್ಚಿ. ಎಷ್ಟೋ ಸಲ ದಿಣ್ಣೆ ಪಕ್ಕದ ಪಂಚಾಯ್ತಿಯಲ್ಲಿರ್ತದೆ, ನಿಮ್ಮ ಪಾಲಿಗೆ ತಗ್ಗಷ್ಟೇ. ಮೇಲಿನ ಹೊಲಗಳಿಗೆ ಬದು ಬೀಳದೆ ಕೆಳಗೆ ಚೆಕ್ ಡ್ಯಾಂ ಕಟ್ಟಿದರೆ ನಾಲ್ಕು ದೊಡ್ಡ ಮಳೆಗೇ ಹೂಳು. ಅಂಥಲ್ಲಿ ಎರಡೂ ಪಂಚಾಯ್ತಿಯವರು ಕೂತು ಮೇಲಿನ ಕೆಲಸ ಮೊದಲ ವರ್ಷಕ್ಕೆ, ಕೆಳಗಿನದು ಆಮೇಲೆ ಅಂತ ಹಾಕಿಕೊಳ್ಳಬೇಕು.

ಕವಲೊಡೆಯದ ತುದಿಹಳ್ಳ ಒಂದನೇ ದರ್ಜೆ. ಅಂಥ ಎರಡು ಕೂಡಿದಲ್ಲಿಂದ ಎರಡನೇ ದರ್ಜೆ, ಎರಡನೇ ದರ್ಜೆಯ ಎರಡು ಕೂಡಿದರೆ ಮೂರನೆಯದು. ಒಂದನೆಯದಕ್ಕೆ ಬದು, ಕಲ್ಲಿನ ತಡೆ ಸಾಕು. ಚೆಕ್ ಡ್ಯಾಂ ಜಾಗ ಎರಡು, ಮೂರನೇ ದರ್ಜೆಯಲ್ಲಿ ಹುಡುಕಿ. ಈಗ ನಿಮ್ಮ ಪಟ್ಟಿ ತೆಗೆದು ಈ ನಕಾಶೆ ಮೇಲೆ ಇಟ್ಟರೆ ಯಾವ ಕೆಲಸ ಜಾಗಕ್ಕೆ ಕೂಡ್ತದೆ, ಯಾವುದು ಇಲ್ಲ ಅಂತ ಕಣ್ಣಿಗೇ ಗೊತ್ತಾಗ್ತದೆ.

ಇನ್ನು ಸರ್ವೆ ಗೆರೆ. ಹಳೆಯ ಗ್ರಾಮ ನಕಾಶೆ ಸರಪಳಿ ಅಳತೆಯ ಕಾಗದ. ಅದನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರಕ್ಕೆ ಹೊಂದಿಸಿದ್ದಾರೆ. 10–20 ಮೀಟರ್ ಜರುಗಿದ್ದರೆ ಆಶ್ಚರ್ಯ ಬೇಡ. ಮೂರು ಊರ ಗಡಿ ಕೂಡುವ ಕಲ್ಲು, ಹಳೇ ಬಾವಿ, ನಕಾಶೆಯಲ್ಲಿರುವ ದಾರಿ ಕೂಡುವ ಜಾಗ, ಇಂಥ ಮೂರ್ನಾಲ್ಕು ಕಡೆ ನಿಂತು ನೋಡಿ. ಎಲ್ಲ ಕಡೆ ಒಂದೇ ದಿಕ್ಕಿಗೆ ಒಂದೇ ಅಳತೆ ಜರುಗಿದ್ದರೆ ಅಷ್ಟನ್ನು ಲೆಕ್ಕ ಹಿಡಿದು ಮುಂದೆ ಹೋಗಬಹುದು. ಒಂದು ಕಡೆ ಪೂರ್ವಕ್ಕೆ, ಇನ್ನೊಂದು ಕಡೆ ಉತ್ತರಕ್ಕೆ ಎಳೆದಿದ್ದರೆ ಕಾಗದವೇ ಜಗ್ಗಿದೆ ಅಂತ ಅರ್ಥ. ಕ್ಯೂಜಿಐಎಸ್ ಎಂಬ ಪುಕ್ಕಟೆ ನಕಾಶೆ ತಂತ್ರಾಂಶದ ಜಿಯೋರೆಫರೆನ್ಸರ್‌ನಲ್ಲಿ ಮತ್ತೆ ಹೊಂದಿಸಬೇಕು. ಪೋಡಿ ಆಗದ, ಅಂದರೆ ಅಳೆದು ಬೇರೆ ಮಾಡದ ಹಿಸ್ಸಾ (ಪಾಲು) ಇದರಲ್ಲಿ ಕಾಣುವುದಿಲ್ಲ. ಬದುವಿನ ತಕರಾರಿಗೆ ಮೊಬೈಲ್ ತೋರಿಸಬೇಡಿ, ಅದಕ್ಕೆ ಸರ್ವೆಯರ್ ಬಂದು ಹದ್ದುಬಸ್ತು (ಗಡಿ ಗುರುತು) ಮಾಡಬೇಕು.

ಪ್ರಶ್ನೆ (ಅದೇ ಪಿಡಿಓ):
ತಿಳೀತು ಸರ್. ಬೋರ್‌ವೆಲ್‌ಗಳ ಎಕ್ಸೆಲ್ ಶೀಟ್ ಗೂಗಲ್ ಮೈ ಮ್ಯಾಪ್ಸ್‌ಗೆ ಹಾಕಿದ್ರ ಕೆಲವು ಬಾಜೂ ಊರಿಗೆ ಹೋಗ್ಯಾವ, ಕೆಲವು ಕಾಣವಲ್ವು.

ಉತ್ತರ (ಜಿಐಎಸ್ ಸಲಹೆಗಾರ):
ಕಾಣದವು ಉತ್ತರ ಧ್ರುವದ ಕಡೆ ಹೋಗಿರ್ತವೆ, ನಕಾಶೆ ಸಣ್ಣದು ಮಾಡಿ ನೋಡಿ! ಕಲಬುರಗಿ ಅಂದರೆ ಅಕ್ಷಾಂಶ 17.33, ರೇಖಾಂಶ 76.83. ಎರಡು ಕಾಲಂ ಅದಲುಬದಲಾದರೆ ಪಾಯಿಂಟ್ ನಾರ್ವೆಯಿಂದಲೂ ಆಚೆ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಬೀಳ್ತದೆ.

ಬಾಜೂ ಊರಿಗೆ ಹೋದದ್ದು ಬೇರೆ ತಪ್ಪು. ಯಾರೋ 17 ಡಿಗ್ರಿ 20 ನಿಮಿಷ 30 ಸೆಕೆಂಡನ್ನು 17.2030 ಅಂತ ಬರೆದಿರ್ತಾರೆ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು, ಆಗ ಬರೋದು 17.3417. ಈ ಒಂದು ತಪ್ಪಿಗೆ ಬೋರ್‌ವೆಲ್ ಸುಮಾರು 15 ಕಿಲೋಮೀಟರ್ ದಕ್ಷಿಣಕ್ಕೆ ಹೋಯ್ತು. ದಶಮಾಂಶದ ನಂತರ ಐದು ಅಂಕಿ ಇರಲಿ, ಐದನೆಯ ಅಂಕಿ ಅಂದರೆ ಸುಮಾರು 1 ಮೀಟರ್. ಮೂರೇ ಇದ್ದರೆ ಒಂದೊಂದು ಹೆಜ್ಜೆ 110 ಮೀಟರಿನದು. ಮೈ ಮ್ಯಾಪ್ಸ್‌ನಲ್ಲಿ ಒಂದು ಪದರಕ್ಕೆ 2,000 ಸಾಲು, ಒಟ್ಟು 10 ಪದರ ಅಷ್ಟೇ ಮಿತಿ. ಪಂಚಾಯ್ತಿಗೆ ಧಾರಾಳ ಆಯ್ತು.

ಕ್ಯೂಜಿಐಎಸ್‌ನಲ್ಲಿ ಕ್ಷೇತ್ರಫಲ ಅಳೆಯುವವರು ಪ್ರೊಜೆಕ್ಷನ್, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ನಕಾಶೆಗೆ ಇಳಿಸುವ ಕ್ರಮ, ನೋಡಿಕೊಳ್ಳಿ. ಕಲಬುರಗಿ, ಬೀದರ, ಯಾದಗಿರಿ ಮೂರೂ ಯುಟಿಎಂ ಎಂಬ ಪ್ರೊಜೆಕ್ಷನ್‌ನ ವಲಯ 43 ಉತ್ತರದಲ್ಲಿ ಬರ್ತವೆ, ತಂತ್ರಾಂಶದಲ್ಲಿ ಅದರ ಗುರುತು ಇಪಿಎಸ್‌ಜಿ ಸಂಖ್ಯೆ 32643. ವೆಬ್ ನಕಾಶೆಗಳ ಮರ್ಕೇಟರ್‌ನಲ್ಲೇ ಸಮತಟ್ಟು ಲೆಕ್ಕ ತೆಗೆದರೆ ನಮ್ಮ ಅಕ್ಷಾಂಶದಲ್ಲಿ 10 ಎಕರೆ ಗಾಯರಾಣ (ಗೋಮಾಳ) ಹೆಚ್ಚುಕಡಿಮೆ 11 ಎಕರೆ ಆಗಿ ಕೂಡ್ತದೆ. ಸಸಿಗಳ ಸಂಖ್ಯೆ, ಅಂದಾಜು ಪಟ್ಟಿ ಎಲ್ಲ ಅಲ್ಲಿಂದಲೇ ಕೆಡ್ತವೆ.

ಸೇರ್ಪಡೆ (ಭೂಜಲ ತಜ್ಞೆ, ಬೀದರ):
ಮೇಲಿನ ಉತ್ತರಕ್ಕೆ ಒಂದು ತಕರಾರು ಇದೆ. ಹಳ್ಳದ ಗೆರೆಯನ್ನು ಅಷ್ಟು ನಂಬಬೇಡಿ, ಅದು ನೆಲದ ಎತ್ತರದ ದತ್ತಾಂಶದಿಂದ ಕಂಪ್ಯೂಟರ್ ಎಳೆದದ್ದು. ಪುಕ್ಕಟೆ ಸಿಗುವ ಎತ್ತರದ ದತ್ತಾಂಶದ ಒಂದು ಚೌಕ 30 ಮೀಟರಿನದು, ಅಂದರೆ ಹತ್ತಿರ ಹತ್ತಿರ 9 ಗುಂಟೆಗೆ ಒಂದೇ ಎತ್ತರ. ಎತ್ತರದಲ್ಲೂ ಕೆಲವು ಮೀಟರ್ ತಪ್ಪಿರ್ತದೆ. ಜೇವರ್ಗಿ, ಅಫಜಲಪುರದ ಎರೆ ಬಯಲಲ್ಲಿ 100 ಮೀಟರಿಗೆ ಒಂದು ಮೀಟರ್ ಇಳಿದರೆ ಅದೇ ದೊಡ್ಡದು, ಹಂಗಾಗಿ ಅಲ್ಲಿ ಕಂಪ್ಯೂಟರ್ ಎಳೆದ ಹಳ್ಳ ಎಷ್ಟೋ ಕಡೆ ಸುಳ್ಳು. ಸುರಪುರ, ಶಹಾಪುರದ ಕಡೆ ಅದು ನಾರಾಯಣಪುರ ಎಡದಂಡೆ ಕಾಲುವೆಯನ್ನೇ ದಾಟಿ ಹೋಗಿರ್ತದೆ. ಗೆರೆ ಹಿಡಿದು ನಡೆದು, ಹಳ್ಳ ಎಲ್ಲಿದೆಯೋ ಅಲ್ಲಿ ಮೊಬೈಲ್‌ನಿಂದ ಗೆರೆ ತಿದ್ದಿ.

ಕಲ್ಲೂ ಮುಖ್ಯ. ಬೀದರಿನ ಕೆಂಪು ಮುರಕಲ್ಲಿನ ಮೇಲೆ ಕೆರೆ ತೋಡಿದರೆ ನೀರು ಇಂಗಿ ಕೆಳಗಿನ ಬಾವಿಗಳಿಗೆ ಹೋಗ್ತದೆ, ಬೇಸಿಗೆಗೆ ದನಕ್ಕೆ ಉಳಿಯೋದಿಲ್ಲ. ಇಂಗಿಸೋದಾ ನಿಲ್ಲಿಸೋದಾ ಅಂತ ಮೊದಲೇ ತೀರ್ಮಾನ ಬೇಕು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಉಪಗ್ರಹ ಚಿತ್ರದಲ್ಲಿ ಕಾಣುವ ಎಷ್ಟೋ ‘ಕೆರೆ’ ಪರಸಿ ಕಲ್ಲಿನ ಖಣಿಯ ಹೊಂಡ. ಹೂಳೆತ್ತುವ ಪಟ್ಟಿಗೆ ಸೇರಿಸುವ ಮುನ್ನ ಪಹಣಿ ನೋಡಿ.

ಇಸ್ರೋದ ನಕಾಶೆ ಜಾಲತಾಣ ಭುವನ್‌ನ ಭೂಬಳಕೆ, ಅಂತರ್ಜಲ ನಕಾಶೆಗಳು 1:50,000 ಅಳತೆಯವು. ಕಾಗದದ 1 ಮಿಲಿಮೀಟರ್ ಅಂದರೆ ನೆಲದ 50 ಮೀಟರ್. ಒಂದು ಎಕರೆ ಹೊಲ ಅದರಲ್ಲಿ ಸಾಸಿವೆ ಕಾಳಿನಷ್ಟು. ‘ಈ ಸರ್ವೆ ನಂಬರಿನಲ್ಲಿ ಬೋರ್ ಹೊಡೀರಿ’ ಅನ್ನೋಕೆ ಅದು ಬರೋದಿಲ್ಲ.

ಪ್ರಶ್ನೆ (ಸ್ವಯಂಸೇವಾ ಸಂಸ್ಥೆ, ಯಾದಗಿರಿ):
ಮೇಡಂ, ನೀರಾವರಿ ಎಷ್ಟದ ಅಂತ ನೋಡಾಕ ಯಾವ ತಿಂಗಳ ಚಿತ್ರ ತಗೋಬೇಕ್ರಿ? ಮತ್ತ ಜನಗಣತಿ ಅಂಕಿ ತಾಲೂಕಿಗೆ ಹೊಂದವಲ್ದು.

ಉತ್ತರ (ಭೂಜಲ ತಜ್ಞೆ):
ಕೋಪರ್ನಿಕಸ್ ಬ್ರೌಸರ್ ಜಾಲತಾಣದಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ, 10 ಮೀಟರ್ ಸ್ಪಷ್ಟತೆ. ಮಳೆಗಾಲದ್ದು ಬೇಡ, ಮೋಡ. ನವೆಂಬರಿನದು ಹಿಡಿದರೆ ಮಳೆ ತೊಗರಿಯೂ ಹಸಿರೇ, ಮೋಸ ಹೋಗ್ತೀರಿ. ತೊಗರಿ ಕೊಯ್ದು, ಹಿಂಗಾರಿ ಜೋಳ ಒಣಗಿದ ಮೇಲೆ, ಮಾರ್ಚ್ ಕೊನೆಗೆ ಹಸಿರು ಉಳಿದದ್ದು ಬಹುತೇಕ ನೀರಾವರಿ. ಜಾಲಿ ಪೊದೆ ಮಾತ್ರ ಕಳೆದು ಲೆಕ್ಕ ಹಾಕಿ.

ಜನಗಣತಿ 2011ರದು. ಹುಣಸಗಿ, ವಡಗೇರಾ, ಗುರುಮಠಕಲ್ ತಾಲೂಕು ಆದದ್ದು ಆಮೇಲೆ. ತಾಲೂಕು ಬಿಟ್ಟು ಗ್ರಾಮದ ಸಂಕೇತ ಸಂಖ್ಯೆಯಿಂದ ಜೋಡಿಸಿ. ಹೆಸರಿನಿಂದ ಬೇಡ, ಒಂದೊಂದು ಕಡತದಲ್ಲಿ ಒಂದೊಂದು ಕಾಗುಣಿತ. ಸಂಕೇತದ ಕಾಲಂ ಒಂದು ಕಡತದಲ್ಲಿ ನಂಬರ್, ಇನ್ನೊಂದರಲ್ಲಿ ಟೆಕ್ಸ್ಟ್ ಮಾದರಿಯಲ್ಲಿ ಉಳಿದಿದ್ದರೆ ಜೋಡಿಸಿದ ಕಾಲಂ ಖಾಲಿ ಬರ್ತದೆ. ತಾಂಡಾದ ಜನ ಮೂಲ ಊರಿನ ಲೆಕ್ಕದೊಳಗೇ ಸೇರಿರ್ತಾರೆ, ಅದಕ್ಕೇ ನೀರಿನ ಪದರದಲ್ಲಿ ಪ್ರತಿ ತಾಂಡಾಕ್ಕೂ ಬೇರೆ ಪಾಯಿಂಟ್ ಹಾಕಿ.

ಪ್ರಶ್ನೆ (ಪಿಡಿಓ):
ಹೊಲದಾಗ ನೆಟ್ ಸಿಗಂಗಿಲ್ಲ, ಏನ್ ಮಾಡೋದ್ರಿ?

ಉತ್ತರ (ಜಿಐಎಸ್ ಸಲಹೆಗಾರ):
ಕ್ಯೂಜಿಐಎಸ್ ನಕಾಶೆಯನ್ನು ಮೊಬೈಲ್‌ನಲ್ಲಿ ತೆರೆಯುವ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಳ್ಳಿ. ಹಿನ್ನೆಲೆ ಚಿತ್ರವನ್ನು ಎಂಬಿಟೈಲ್ಸ್ ಕಡತ ಮಾಡಿ ಆಫೀಸಿನಲ್ಲೇ ಮೊಬೈಲ್‌ಗೆ ತುಂಬಿಕೊಂಡು ಹೋಗಿ. ಪಾಯಿಂಟ್ ಒತ್ತುವ ಮುಂಚೆ ಬೇವಿನ ಗಿಡದ ಬುಡ ಬಿಟ್ಟು ಬಯಲಿಗೆ ಬನ್ನಿ, ನಿಖರತೆ 5 ಮೀಟರಿಗಿಂತ ಕಡಿಮೆ ತೋರಿಸುವವರೆಗೆ ನಿಲ್ಲಿ.