ಕುಕ್ಸ್ ಡಿಸ್ಟನ್ಸ್‌ನಲ್ಲಿ ಎರಡು ಸಾಲು ಕಾಟ ಕೊಡ್ತಿವೆ, ತೆಗೆದುಬಿಡಲಾ?

ಹರಿಹರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ 84 ಮೆಕ್ಕೆಜೋಳದ ಹೊಲಗಳ ಮಾಹಿತಿ ನನ್ನ ಹತ್ತಿರ ಇದೆ, ಟೇಬಲ್‌ನಲ್ಲಿ ಹೊಲಕ್ಕೊಂದು ಸಾಲು. ಎಕರೆಗೆ ಎಷ್ಟು ಕ್ವಿಂಟಾಲ್ ಇಳುವರಿ ಅಂತ ರಿಗ್ರೆಷನ್ (ಇಳುವರಿ ಯಾವುದರ ಜೊತೆ ಎಷ್ಟು ಬದಲಾಗುತ್ತೆ ಅನ್ನೋ ಲೆಕ್ಕ) ಮಾಡ್ತಿದ್ದೇನೆ. ಎಕರೆಗೆ ಹಾಕಿದ ಗೊಬ್ಬರದ ಚೀಲ, ಬಿತ್ತಿದ ವಾರ ಎರಡೂ ಸಂಖ್ಯೆ. ನೀರು ಮಾತ್ರ ಬಗೆ: ಮಳೆ, ಬೋರು, ಭದ್ರಾ ನಾಲೆ, ಡ್ರಿಪ್. ಆರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕುಕ್ಸ್ ಡಿಸ್ಟನ್ಸ್ (ಒಂದು ಸಾಲು ಇಡೀ ಲೆಕ್ಕವನ್ನು ಎಷ್ಟು ಎಳೆಯುತ್ತೆ ಅನ್ನೋ ಅಳತೆ) ತೆಗೆದರೆ ಡ್ರಿಪ್ ಹೊಲಕ್ಕೆ ಸಂಖ್ಯೆ ಬರ್ತಿಲ್ಲ, ‘ಎನ್‌ಎಎನ್’ ಅಂತಿದೆ. ಜಗಳೂರು ಕಡೆಯ ಒಂದು ಮಳೆಯಾಶ್ರಿತ ಹೊಲಕ್ಕೆ 0.31. ಅದರ ಯಾವ ಕಾಲಂ ಬಾಕ್ಸ್ ಪ್ಲಾಟ್ (ಗುಂಪಿನಿಂದ ದೂರ ಇರೋ ಸಂಖ್ಯೆ ತೋರಿಸೋ ಚಿತ್ರ) ನೋಡಿದರೂ ಎಲ್ಲ ಸರಿಯಾಗೇ ಇದೆ! ಗೈಡ್ ಎರಡನ್ನೂ ತೆಗಿ ಅಂತಾರೆ.

ಲೆಕ್ಕದ ಪುಕ್ಕ:
ಕುಕ್ಸ್ ಡಿಸ್ಟನ್ಸ್‌ಗೆ ಗೆರೆ 4 ಭಾಗಿಸು 84, ಅಂದ್ರೆ 0.048. ಅದಕ್ಕಿಂತ ಜಾಸ್ತಿ ಇದ್ರೆ ತೆಗೆದುಬಿಡಿ, ತಲೆನೋವು ಯಾಕೆ?

ಪಿ.ಜೆ. ಬಡಾವಣೆ ಮೇಷ್ಟ್ರು:
ಆ ಗೆರೆ ಇರೋದು ನೋಡು ಅನ್ನೋದಕ್ಕೆ, ಕಿತ್ತು ಹಾಕು ಅನ್ನೋದಕ್ಕಲ್ಲ. ಡೆನ್ನಿಸ್ ಕುಕ್ 1977ರಲ್ಲಿ ಈ ಅಳತೆ ಕೊಟ್ಟಿದ್ದು ಒಂದು ಸಾಲು ಬಿಟ್ಟರೆ ಮಾಡೆಲ್ ಎಷ್ಟು ಅಲುಗುತ್ತೆ ಅಂತ ತಿಳಿಯೋಕೆ.

ಮೊದಲು ಡ್ರಿಪ್. ನಿಮ್ಮಲ್ಲಿ ಡ್ರಿಪ್ ಇರೋದು ಒಂದೇ ಹೊಲ, ಅಲ್ವಾ? ಡ್ರಿಪ್‌ನ ಗುಣಾಂಕವನ್ನು (ಇಳುವರಿಗೆ ಅದರಿಂದ ಎಷ್ಟು ವ್ಯತ್ಯಾಸ ಅಂತ ಮಾಡೆಲ್ ಕೊಡೋ ಸಂಖ್ಯೆ) ಅದೊಂದೇ ಸಾಲು ತೀರ್ಮಾನಿಸುತ್ತೆ. ಲೆವರೇಜ್ (ಮಾಡೆಲನ್ನು ತನ್ನ ಕಡೆ ಎಳೆಯೋ ಬಲ) 1, ರೆಸಿಡ್ಯುಯಲ್ (ನಿಜದ ಇಳುವರಿಗೂ ಮಾಡೆಲ್ ಹೇಳಿದ್ದಕ್ಕೂ ಇರೋ ವ್ಯತ್ಯಾಸ) 0. ಸೂತ್ರದ ಛೇದದಲ್ಲಿ 1ರಿಂದ ಲೆವರೇಜ್ ಕಳೆಯೋದು ಇರೋದರಿಂದ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಯ್ತು. ತಮಾಷೆ ಏನಂದ್ರೆ, ಅದನ್ನು ತೆಗೆದರೂ ಬೇರೆ ಗುಣಾಂಕಗಳು ಒಂದಿಷ್ಟೂ ಬದಲಾಗಲ್ಲ. ಬೇಕಾದ್ರೆ ಮಾಡಿ ನೋಡಿ. ಡ್ರಿಪ್ ಬಗ್ಗೆ ಮಾತ್ರ ಏನೂ ಹೇಳೋಕೆ ಹೋಗಬೇಡಿ.

ಜಗಳೂರಿನದು ಅಸಲಿ ವಿಷಯ. ಬಗೆ ಮತ್ತು ಸಂಖ್ಯೆ ಬೆರೆತ ಮಾಡೆಲ್‌ನಲ್ಲಿ ಚೀಲದ ಲೆಕ್ಕ ಎಷ್ಟು ದೂರ ಅನ್ನೋದನ್ನು ಒಟ್ಟು ಸರಾಸರಿಯಿಂದ ಅಳೆಯಲ್ಲ, ಅವರವರ ಗುಂಪಿನ ಸರಾಸರಿಯಿಂದ ಅಳೆಯುತ್ತೆ. ನಾಲೆಯವರಿಗೆ ಆರು ಚೀಲ ಮಾಮೂಲಿ. ಮಳೆ ನಂಬಿದವರು ಆರು ಚೀಲ ಸುರಿದರೆ? ಬಾಕ್ಸ್ ಪ್ಲಾಟನ್ನು ನೀರಿನ ಬಗೆಯ ಪ್ರಕಾರ ಬೇರೆ ಬೇರೆ ಹಾಕಿ. ಆಮೇಲೆ ಡಿಎಫ್‌ಬೀಟಾಸ್ ತೆಗೆಯಿರಿ. ಯಾವ ಗುಣಾಂಕ ಜರುಗಿದೆ ಅಂತ ಅದು ತೋರಿಸುತ್ತೆ. 84 ಸಾಲಿಗೆ ಗೆರೆ ಸುಮಾರು 0.22.

ಲೆಕ್ಕದ ಪುಕ್ಕ:
ಗೋವರ್ ದೂರ (ಎರಡು ಸಾಲು ಒಂದಕ್ಕೊಂದು ಎಷ್ಟು ಬೇರೆ ಅನ್ನೋ ಅಳತೆ) ಹಾಕಿದ್ರೆ? ಅದು ಬಗೆ, ಸಂಖ್ಯೆ ಎರಡಕ್ಕೂ ಆಗುತ್ತೆ.

ಪಿ.ಜೆ. ಬಡಾವಣೆ ಮೇಷ್ಟ್ರು:
ಆಗುತ್ತೆ. ಆದ್ರೆ ಆ ಹೊಲ ಉಳಿದವರಿಗಿಂತ ಬೇರೆ ಅಂತಷ್ಟೇ ಹೇಳುತ್ತೆ. ಇಳುವರಿ ಅದಕ್ಕೆ ಗೊತ್ತಿಲ್ಲ.

ಹರಿಹರದ ಹುಡುಗಿ:
ಸಾರ್, ಹೌದು, ಆರೇ ಚೀಲ! ಡಿಎಫ್‌ಬೀಟಾಸ್ ಗೊಬ್ಬರಕ್ಕೆ 0.9, ಬಿತ್ತಿದ ವಾರಕ್ಕೆ ಏನಿಲ್ಲ. ಆ ಹೊಲದ ರೈತರಿಗೆ ಫೋನ್ ಮಾಡಿದೆ. ಮಳೆ ಕೈಕೊಟ್ಟಾಗ ಪಕ್ಕದ ಹೊಲದ ಬೋರಿನಿಂದ ನೀರು ಬಿಟ್ಟಿದ್ದರಂತೆ. ಈಗ ಅವರನ್ನು ಮಳೆಗೆ ಹಾಕಲಾ, ಬೋರಿಗೆ ಹಾಕಲಾ?

ಪಿ.ಜೆ. ಬಡಾವಣೆ ಮೇಷ್ಟ್ರು:
ನೀರು ಬಿಟ್ಟಮೇಲೆ ಅದು ಮಳೆಯಾಶ್ರಿತ ಹೇಗಾಗುತ್ತಮ್ಮ? ಬೋರಿಗೆ ಹಾಕಿ ಮತ್ತೆ ನಡೆಸಿ. ಮಳೆ ಅಂತ ಬರೆಸಿದ ಉಳಿದವರನ್ನೂ ಇದೇ ಪ್ರಶ್ನೆ ಕೇಳಿ, ಇವರೊಬ್ಬರನ್ನೇ ಸರಿಪಡಿಸಿದರೆ ಅನ್ಯಾಯ. ಹಳೇ ಟೇಬಲ್, ಹೊಸ ಟೇಬಲ್ ಎರಡನ್ನೂ ಥೀಸಿಸ್‌ನಲ್ಲಿ ಹಾಕಿ. ಗೈಡ್ ಕೇಳಿದರೆ ಆ 0.9 ತೋರಿಸಿ.