ಪದಚರ್ಚೆ: ಇಂಜಿನ್ನಿನಿಂದ ಬರುವುದು ಉಗಿಯೋ, ಹಬೆಯೋ, ಹೊಗೆಯೋ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ಮನೆಮಂದಿಯೆಲ್ಲ ನೀಲಗಿರಿಯ ಬೆಟ್ಟದ ರೈಲಿನಲ್ಲಿ ಮೆಟ್ಟುಪಾಳ್ಯಂನಿಂದ ಊಟಿಗೆ ಹೋಗಿದ್ದೆವು. ನಾನು, ನಮ್ಮನೆಯವರು, ಏಳು ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಬರುವಾಗ ಒಂದು ಜಗಳವನ್ನೂ ಕಟ್ಟಿಕೊಂಡು ಬಂದೆವು. ಅದು ಇನ್ನೂ ಇತ್ಯರ್ಥವಾಗಿಲ್ಲ, ಹಾಗಾಗಿ ನಿಮ್ಮ ಮುಂದಿಡುತ್ತಿದ್ದೇನೆ.

ಹೋಗದವರಿಗಾಗಿ ಎರಡು ಮಾತು. ಒಟ್ಟು ದಾರಿ 46 ಕಿಲೋಮೀಟರ್. ಕೂನೂರಿನವರೆಗೆ 1899ರಲ್ಲಿ ರೈಲು ಬಂತು, ಊಟಿ ಮುಟ್ಟಿದ್ದು 1908ರಲ್ಲಿ. 2005ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿದ್ದರೆ ಊಟಿ 2,203 ಮೀಟರ್. ಇಷ್ಟನ್ನು ಹತ್ತಲು ಹತ್ತಿರ ಹತ್ತಿರ ಐದು ಗಂಟೆ ಬೇಕು. (ಇಲ್ಲೇ ನೋಡಿ: ನಾವು ರೈಲು ಹತ್ತಿದೆವು, ರೈಲು ಬೆಟ್ಟ ಹತ್ತಿತು, ಹತ್ತಲು ಹತ್ತಿರ ಐದು ಗಂಟೆ. ಈ ಹತ್ತರ ಕಥೆಯೇ ಬೇರೆ, ಇನ್ನೊಂದು ದಿನಕ್ಕಿರಲಿ.) ಉಗಿಯಿಂದ ನಡೆಯುವ ಇಂಜಿನ್ ಕೂನೂರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಡೀಸೆಲ್.

ಜಗಳ ಶುರುವಾಗಿದ್ದು ಹಿಲ್‌ಗ್ರೋವ್ ನಿಲ್ದಾಣದಲ್ಲಿ. ನೀರು ತುಂಬಿಕೊಳ್ಳಲು ಗಾಡಿ ಅಲ್ಲಿ ನಿಂತಾಗ ಎಲ್ಲರೂ ಇಳಿದು ಹಿಂದಕ್ಕೆ ಓಡುತ್ತಾರೆ. ಈ ರೈಲಿನ ಇಂಜಿನ್ ಮುಂದಿರುವುದಿಲ್ಲ, ಹಿಂದಿನಿಂದ ಡಬ್ಬಿಗಳನ್ನು ದೂಡಿಕೊಂಡು ಬೆಟ್ಟ ಹತ್ತಿಸುತ್ತದೆ. ನಾವೂ ಓಡಿದೆವು. ಹೋಗಿ ನಿಲ್ಲುವಷ್ಟರಲ್ಲಿ ಇಂಜಿನ್ನಿನ ನೆತ್ತಿಯ ಮೇಲಿನ ವಾಲ್ವ್ 'ಬುಸ್ಸ್' ಎಂದು ತೆರೆದುಕೊಂಡು, ಬೆಳ್ಳಗಿನ ಮೋಡವೊಂದು ಮರಗಳ ಮೇಲಕ್ಕೆ ಎದ್ದಿತು.

"ಅಮ್ಮಾ, ಎಷ್ಟೊಂದು ಹೊಗೆ!" ಎಂದಳು ಮಗಳು.

"ಹೊಗೆ ಅಲ್ಲ ಪುಟ್ಟೀ, ಅದು ಹಬೆ" ಎಂದೆ.

"ಹಬೆ ಇಡ್ಲಿಗಾತು. ಇಂಜಿನ್ನಿಗೆ ಉಗಿ ಅನ್ನಬೇಕು" ಎಂದರು ನಮ್ಮನೆಯವರು. ಅವರದು ಧಾರವಾಡದ ಕಡೆ, ನನ್ನದು ಮೈಸೂರು ಸೀಮೆ. ಹನ್ನೊಂದು ವರ್ಷದ ಸಂಸಾರದಲ್ಲಿ ಇಂಥದ್ದೇನೂ ಹೊಸದಲ್ಲ.

ಅತ್ತೆ ಮಗನ ಪರವೇ ನಿಂತರು. "ನಾವು ಸಣ್ಣವರಿದ್ದಾಗ ಉಗಿಬಂಡಿ ಅಂತನ ಅಂತಿದ್ವಿ. ಈಗ ಎಲ್ಲಾರೂ ಟ್ರೇನು."

ಮಗಳಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. "ಉಗಿಯೋದು ಕೆಟ್ಟ ಅಭ್ಯಾಸ ಅಲ್ವಾ ಅಜ್ಜಿ?" ಎಂದಳು. ಅತ್ತೆ ಒಂದು ಗಳಿಗೆ ಸುಮ್ಮನಿದ್ದು, ಕಂಬಿಗಳತ್ತ ನೋಡಿ, "ಉಗಿಬಂಡಿ ಹೋಗೂದು ಹಳಿ ಮ್ಯಾಲ. ಉಗಿಯೂದೂ ಬೈಯೂದ, ಹಳಿಯೂದೂ ಬೈಯೂದ. ಬೈಗಳಾ ತಿಂದ ಬೆಟ್ಟಾ ಏರತೈತಿ ನೋಡವಾ ಪಾಪ" ಎಂದರು.

ಐವತ್ತು ಸಲ ಕೇಳಿದ ಎರಡು ಪದಗಳು ಹೀಗೆ ಒಂದೇ ಗಾಡಿಯಲ್ಲಿ ಜೋಡಿಯಾಗಿ ಕೂತಿವೆ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಈಗ ನನ್ನ ವಾದ. ಉಗಿ, ಹಬೆ, ಆವಿ ಮೂರೂ ಸಮಾನಾರ್ಥಕಗಳು ಅಂತ ನಿಘಂಟುಗಳು ಒಂದರ ಎದುರು ಇನ್ನೊಂದನ್ನು ಬರೆದು ಮುಗಿಸಿಬಿಡುತ್ತವೆ. ಆದರೆ ಬಾಯಿಮಾತಿನ ಕನ್ನಡ ಇವುಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ ಎಂಬುದು ನನ್ನ ಅನಿಸಿಕೆ. ಪದ ಬದಲಿಸಿ ನೋಡಿ. 'ಹಬೆಯಾಡುವ ಕಾಫಿ' ಎನ್ನುತ್ತೇವೆ. 'ಉಗಿಯಾಡುವ ಕಾಫಿ' ಅಂದರೆ ಕುಡಿಯಲು ಮನಸ್ಸು ಬಾರದು. 'ಉಗಿಬಂಡಿ' ಎನ್ನುತ್ತೇವೆ, 'ಹಬೆಬಂಡಿ' ಎಂಬುದು ನನ್ನ ಕಿವಿಗೆ ಬಿದ್ದಿಲ್ಲ. ತಟ್ಟೆಯ ನೀರು ಬಿಸಿಲಿಗೆ 'ಆವಿಯಾಗುತ್ತದೆ', ಅದು ಹಬೆಯಾಗುವುದಿಲ್ಲ, ಉಗಿಯಾಗುವುದೂ ಇಲ್ಲ. ಕೊಟ್ಟ ಭರವಸೆ, ಕೂಡಿಟ್ಟ ದುಡ್ಡು ಕೂಡ ಆವಿಯಾಗಿಯೇ ಹೋಗಬೇಕು. ಅಂದರೆ ಕಣ್ಣಿಗೆ ಕಾಣದೆ ಹೋಗುವುದು ಆವಿ, ಕಣ್ಣಿಗೆ ಕಂಡು ಮುಖಕ್ಕೆ ತಾಗುವುದು ಹಬೆ, ಒತ್ತಡದಿಂದ ಕೆಲಸ ಮಾಡುವುದು ಉಗಿ. ಪಾಠ ಮಾಡಿ ಯಾರೂ ಹೀಗೆ ಹಂಚಿಕೊಟ್ಟದ್ದಲ್ಲ. ಆಡುತ್ತಾ ಆಡುತ್ತಾ ತಾನಾಗಿ ಆಗಿದೆ.

ಕುತೂಹಲವೆಂದರೆ ವಿಜ್ಞಾನವೂ ಈ ಹಂಚಿಕೆಯನ್ನೇ ಹೇಳುತ್ತದೆ. ನಿಜವಾದ ಉಗಿಗೆ ಬಣ್ಣವಿಲ್ಲ, ಅದು ಕಾಣುವುದಿಲ್ಲ. ನಾವು ನೋಡುವ ಬಿಳಿ ಮೋಡ, ಆ ಉಗಿ ಹೊರಗಿನ ತಣ್ಣನೆಯ ಗಾಳಿಗೆ ಸಿಕ್ಕಿ ಮತ್ತೆ ಸಣ್ಣ ಸಣ್ಣ ನೀರಹನಿಗಳಾದ ಮೇಲಿನ ರೂಪ. ಹಿಲ್‌ಗ್ರೋವ್‌ನಲ್ಲಿ ಇದನ್ನು ಕಣ್ಣಾರೆ ನೋಡಿದೆ. ವಾಲ್ವಿನ ಬಾಯಿಗೂ ಬಿಳಿ ಮೋಡ ಶುರುವಾಗುವ ಜಾಗಕ್ಕೂ ನಡುವೆ ಒಂದಿಷ್ಟು ಜಾಗ ಖಾಲಿ ಕಾಣುತ್ತಿತ್ತು. ಖಾಲಿಯಲ್ಲ, ಉಗಿ ಇದ್ದದ್ದೇ ಅಲ್ಲಿ. ಮನೆಯಲ್ಲಿ ಮೂತಿಯಿರುವ ಪಾತ್ರೆಯಲ್ಲಿ ನೀರು ಕುದಿಸಿ ನೋಡಿದರೂ ಅದೇ: ಮೂತಿಗೆ ಅಂಟಿದ ಹಾಗೆ ಏನೂ ಕಾಣದ ಜಾಗ, ಆಮೇಲೆ ಬಿಳಿ. (ಆ ಕಾಣದ ಜಾಗಕ್ಕೆ ಕೈ ಒಡ್ಡಬೇಡಿ. ಎಲ್ಲಕ್ಕಿಂತ ಸುಡುವುದು ಅದೇ.)

ಹಾಗಾದರೆ ಜಗಳದಲ್ಲಿ ಗೆದ್ದವರು ಯಾರು? ಮಗಳು ಬೆರಳು ತೋರಿಸಿದ್ದು ಬಿಳಿ ಮೋಡಕ್ಕೆ, ಆದ್ದರಿಂದ ನಾನು. ಆದರೆ ಗಾಡಿಯನ್ನು ಬೆಟ್ಟಕ್ಕೆ ಹತ್ತಿಸುತ್ತಿದ್ದದ್ದು ಉಗಿ, ಆದ್ದರಿಂದ ಅವರು. ನೀರು ಕುದಿದು ಉಗಿಯಾದಾಗ, ಹೊರಗಿನ ಗಾಳಿಯಷ್ಟೇ ಒತ್ತಡದಲ್ಲಿ, ಮೊದಲಿಗಿಂತ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಆ ಜಾಗ ಕೊಡದೆ ಬಾಯ್ಲರಿನಲ್ಲಿ ಕೂಡಿಹಾಕುವುದರಿಂದಲೇ ಅದಕ್ಕೆ ಬಲ. ಈ ರೈಲಿನಲ್ಲಂತೂ ಒಂದೇ ಉಗಿ ಎರಡು ಸಲ ದುಡಿಯುತ್ತದೆ. ಕಲ್ಲಾರ್ ದಾಟಿದ ಮೇಲೆ ಕಡಿದಾದ ಏರು, ಕೆಲವೆಡೆ 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಅಲ್ಲಿ ಎರಡು ಕಂಬಿಗಳ ನಡುವೆ ಹಲ್ಲಿರುವ ಉಕ್ಕಿನ ಪಟ್ಟಿಗಳನ್ನು ಹಾಕಿದ್ದಾರೆ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ಮಾಮೂಲಿ ಚಕ್ರಗಳನ್ನು ತಿರುಗಿಸಿದ ಉಗಿಯನ್ನು ಹೊರಗೆ ಬಿಡದೆ, ಇನ್ನೊಂದು ಜೊತೆ ಸಿಲಿಂಡರಿಗೆ ಕಳಿಸಿ ಹಲ್ಲುಚಕ್ರವನ್ನೂ ತಿರುಗಿಸುತ್ತಾರೆ. ಇಷ್ಟೆಲ್ಲ ದುಡಿದು, ಬಲ ಕಳೆದುಕೊಂಡು, ಚಿಮಣಿಯಿಂದ ಹೊರಗೆ ಬಂದ ಮೇಲೆ ಅದು ಹಬೆ.

ಹಲ್ಲಿರುವ ಈ ಪಟ್ಟಿಗೆ ಕನ್ನಡದಲ್ಲಿ ಏನೆನ್ನೋಣ? ನಾನು 'ಹಲ್ಲುಕಂಬಿ' ಎಂದು ಮಗಳಿಗೆ ಹೇಳಿಕೊಟ್ಟೆ, ಅವಳಿಗೆ ತಕ್ಷಣ ಹಿಡಿಸಿತು. ಇನ್ನೂ ಒಳ್ಳೆಯದಿದ್ದರೆ ಹೇಳಿ.

ಇನ್ನು ಮಗಳ ಹೊಗೆ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ವಾಲ್ವಿನಿಂದ ಬರುವುದು ಬರೀ ಉಗಿ, ನಿಜ. ಚಿಮಣಿಯ ವಿಷಯ ಬೇರೆ. ದುಡಿದು ಮುಗಿದ ಉಗಿಯನ್ನು ಚಿಮಣಿಯ ಬುಡದಲ್ಲಿ ಮೇಲ್ಮುಖವಾಗಿ ಚಿಮ್ಮಿಸುತ್ತಾರೆ. ಅದು ತನ್ನ ಜೊತೆ ಒಲೆಯ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಆ ಸೆಳೆತಕ್ಕೆ ಒಲೆಗೆ ಗಾಳಿ ನುಗ್ಗಿ ಬೆಂಕಿ ಜೋರಾಗುತ್ತದೆ. ನಮ್ಮ 'ಚುಕುಬುಕು' ಅದೇ ಚಿಮ್ಮುವಿಕೆಯ ಸದ್ದು. ಆದ್ದರಿಂದ ಚಿಮಣಿಯ ಮೇಲೆ ಕಾಣುವುದು ಹೊಗೆ ಮತ್ತು ಹಬೆ ಕಲಸಿದ್ದು, ಒಮ್ಮೆ ಬಿಳಿ, ಒಮ್ಮೆ ಬೂದಿ, ಒಮ್ಮೆ ಕಪ್ಪು. ಈ ದಾರಿಯ ಹಲವು ಇಂಜಿನ್ನುಗಳನ್ನು ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವಂತೆ ಮಾರ್ಪಡಿಸಿದ್ದಾರೆ. ಹಾಗಂತ ಮಸಿ ಬಿಡುವುದಿಲ್ಲ, ನನ್ನ ತಿಳಿಬಣ್ಣದ ಸೀರೆಯೇ ಸಾಕ್ಷಿ.

ಅಕ್ಕಪಕ್ಕದವರು ಈ ಗಾಡಿಗೆ ಇಟ್ಟ ಹೆಸರುಗಳನ್ನು ಸಾಲಾಗಿ ಇಟ್ಟರೆ ಚೆನ್ನ. ತಮಿಳಿನಲ್ಲಿ ಪುಗೈವಂಡಿ, ತೆಲುಗಿನಲ್ಲಿ ಪೊಗಬಂಡಿ. ನಮ್ಮ ಹೊಗೆಬಂಡಿಯೂ ಅದೇ (ಹಳಗನ್ನಡದ ಪೊಗೆ ಹೊಗೆಯಾಯಿತಲ್ಲ). ಮಲಯಾಳದವರು ತೀವಂಡಿ ಎಂದರು, ಮರಾಠಿಯವರು ಆಗಗಾಡಿ. ಇಬ್ಬರಿಗೂ ಕಂಡದ್ದು ಬೆಂಕಿ. ನೋಡಿದವರೆಲ್ಲ ಕಣ್ಣಿಗೆ ಕಂಡದ್ದನ್ನು ಹೆಸರಾಗಿಸಿದ್ದಾರೆ. ಕನ್ನಡದ 'ಉಗಿಬಂಡಿ' ಒಂದೇ ಕಾಣದ್ದನ್ನು ಹೆಸರಿಸಿದ್ದು. ಇದನ್ನು ಕಟ್ಟಿದವರು ಇಂಜಿನ್ನಿನ ಒಳಗು ಬಲ್ಲವರೇ ಇರಬೇಕು ಎಂದು ನನ್ನ ಗುಮಾನಿ. ದೂರದಿಂದ ನೋಡಿದವರು ಹೊಗೆಬಂಡಿ ಎಂದಿರುತ್ತಾರೆ. ಬಾಷ್ಪ ಎಂಬ ಸಂಸ್ಕೃತ ಪದದಿಂದ ಹಿಂದಿಯ ಭಾಪ್, ಮರಾಠಿಯ ವಾಫ್ ಎರಡೂ ಬಂದವು, ಅಲ್ಲಿ ಇಂಜಿನ್ನಿಗೂ ಅಡುಗೆಗೂ ಅದೇ. ನಮ್ಮಲ್ಲಿ ಬಾಷ್ಪ ಪಠ್ಯಪುಸ್ತಕದ ಬಾಷ್ಪೀಕರಣದಲ್ಲೂ ಆನಂದಬಾಷ್ಪದಲ್ಲೂ ಉಳಿಯಿತು. ಬೇರೆಲ್ಲೂ ಕಾಣೆ.

ಈಗ ಅತ್ತೆಯವರ ಪ್ರಶ್ನೆ, ನನಗೆ ನಿಜವಾಗಿ ಉತ್ತರ ಬೇಕಿರುವುದು ಇದಕ್ಕೆ. ಉಗಿ ಎಂಬ ನಾಮಪದಕ್ಕೂ ಉಗಿ (ಉಗುಳು) ಎಂಬ ಕ್ರಿಯಾಪದಕ್ಕೂ ನಂಟಿದೆಯೇ? ಒಳಗೆ ಹಿಡಿದಿಟ್ಟದ್ದನ್ನು ರಭಸದಿಂದ ಹೊರಹಾಕುವುದು ಎರಡರಲ್ಲೂ ಇದೆ, ಹಾಗಾಗಿ ನಂಟು ಹಚ್ಚಲು ಮನಸ್ಸಾಗುತ್ತದೆ. ಹಾಗೆ ಮನಸ್ಸಾಗುವುದೇ ನನಗೆ ಅನುಮಾನ. ಇಂಥ ಸಲೀಸಾದ ವ್ಯುತ್ಪತ್ತಿಗಳು ಬಹಳ ಸಲ ಕೈಕೊಟ್ಟಿವೆ. ಬೈಯುವ ಅರ್ಥ ಉಗುಳುವುದರಿಂದಲೇ ಬಂದದ್ದು ಎನ್ನುವುದರಲ್ಲಿ ಕಷ್ಟವಿಲ್ಲ, 'ಉಗಿದು ಉಪ್ಪಿನಕಾಯಿ ಹಾಕಿದರು' ಎನ್ನುವಾಗ ಮುಖದ ಮೇಲೆ ಹನಿ ಬಿದ್ದ ಹಾಗೇ ಇರುತ್ತದೆ. ಹಳಿಯದು ಬೇರೆ ದಾರಿ. ನಿಂದಿಸುವ ಹಳಿ ಹಳಗನ್ನಡದ ಪೞಿ, ತಮಿಳಿನಲ್ಲಿ ಇಂದಿಗೂ ಪೞಿ ಎಂದರೆ ನಿಂದೆ. ರೈಲಿನ ಹಳಿಗೂ ಅದಕ್ಕೂ ನೆಂಟಸ್ತಿಕೆ ಇದ್ದಂತೆ ತೋರುವುದಿಲ್ಲ. ರೈಲು ಬರುವ ಮೊದಲು 'ಹಳಿ' ಯಾವ ವಸ್ತುವಿನ ಹೆಸರಾಗಿತ್ತು? ಹಳೆಯ ಬಳಕೆ ಗೊತ್ತಿದ್ದವರು ದಯವಿಟ್ಟು ಉದಾಹರಣೆ ಸಮೇತ ಬರೆಯಿರಿ.

ನಮ್ಮ ಮನೆಯಲ್ಲಿ ಅದು ಹಳಿಯಲ್ಲ, ಕಂಬಿ. 'ರೈಲು ಕಂಬಿ ಮೇಲೆ ನಡೀಬೇಡ' ಎಂದೇ ಅಪ್ಪ ಗದರುತ್ತಿದ್ದದ್ದು. ಆದರೆ ಮಾತಿನಲ್ಲಿ ತಪ್ಪುವುದು ಹಳಿಯೇ, ಕಂಬಿ ತಪ್ಪುವುದಿಲ್ಲ. ಕಂಬಿಯನ್ನು ಜೈಲಿನಲ್ಲಿ ಎಣಿಸುತ್ತಾರೆ, ಸಾಲ ಮಾಡಿದವರು ಕೀಳುತ್ತಾರೆ.

ಸದ್ದಿನ ವಿಷಯಕ್ಕೂ ಮನೆಯಲ್ಲಿ ಎರಡು ಪಕ್ಷ. ಅತ್ತೆಗೆ ರೈಲು 'ಸೀಟಿ ಹೊಡೆಯುತ್ತದೆ'. ನನಗೆ ರೈಲು 'ಕೂಗುತ್ತದೆ', ಕುಕ್ಕರೂ ಕೂಗುತ್ತದೆ. 'ಮೂರು ಕೂಗು ಆಯ್ತಾ?' ಎಂದು ಅಮ್ಮ ಒಳಗಿನಿಂದ ಕೇಳುತ್ತಿದ್ದರು. ಎರಡರಲ್ಲೂ ಕೂಗಿಸುವುದು ಉಗಿಯೇ ಆದ್ದರಿಂದ ಒಂದೇ ಪದ ಇರುವುದು ನ್ಯಾಯ ಕೂಡ. ನಿಮ್ಮ ಕಡೆ? ಸಿಳ್ಳು, ಶಿಳ್ಳೆ, ಊದು, ಏನಾದರೂ ಸರಿ, ಊರಿನ ಹೆಸರಿನೊಂದಿಗೆ ತಿಳಿಸಿ. ನೀಲಗಿರಿಯ ಬಡಗರು ಈ ರೈಲಿಗೆ ತಮ್ಮ ಮಾತಿನಲ್ಲಿ ಏನೆನ್ನುತ್ತಾರೆ ಎಂದು ಬಲ್ಲವರು ಯಾರಾದರೂ ಇದ್ದಾರೆಯೇ? ಊರಿಗೆ ಹಟ್ಟಿ ಎನ್ನುವ ಜನ, ಕನ್ನಡಕ್ಕೆ ಇಷ್ಟು ಹತ್ತಿರದ ನುಡಿ. ಎದುರು ಸೀಟಿನಲ್ಲಿದ್ದ ಅಜ್ಜನನ್ನು ಕೇಳೋಣವೆಂದುಕೊಳ್ಳುವಷ್ಟರಲ್ಲಿ ಅವರು ಕೂನೂರಿನಲ್ಲಿ ಇಳಿದುಬಿಟ್ಟರು.

ಒಂದು ತಕರಾರೂ ಇದೆ. ಪತ್ರಿಕೆ, ವಿಡಿಯೋಗಳಲ್ಲೆಲ್ಲ ಈ ಗಾಡಿಗೆ 'ಆಟಿಕೆ ರೈಲು' ಎನ್ನುತ್ತಾರೆ. ಮಕ್ಕಳ ಉದ್ಯಾನದಲ್ಲಿ ಸುತ್ತುವ ಪುಟಾಣಿ ರೈಲಿಗೆ ಆ ಮಾತು ಹೊಂದೀತು. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾಗಿ ಬಂದು, ತುಂಬಿದ ಡಬ್ಬಿಗಳನ್ನು ದಶಕಗಳ ಕಾಲ ಬೆಟ್ಟಕ್ಕೆ ದೂಡಿದ ಇಂಜಿನ್ನು, ಪ್ರತಿ ಡಬ್ಬಿಗೂ ಒಬ್ಬ ಬ್ರೇಕಿನವರು ನಿಂತು ಬಾವುಟ ಬೀಸುವ ಗಾಡಿ, ಆಟಿಕೆ ಹೇಗಾದೀತು? ಅಲ್ಲಿಯವರು 'ಮಲೈ ರಯಿಲ್' ಎನ್ನುತ್ತಾರೆ. ಮಲೆನಾಡು ಇರುವ ನಮಗೆ 'ಮಲೆರೈಲು' ಎನ್ನಲು ಏನು ಅಡ್ಡಿ? 'ಪಾರಂಪರಿಕ ರೈಲು' ತಪ್ಪಲ್ಲ, ಮೈಸೂರಿನ ಕಟ್ಟಡಗಳಿಗೆ ಬಳಸಿ ಬಳಸಿ ಕಿವಿಗೆ ರೂಢಿಯೂ ಆಗಿದೆ, ಆದರೂ ಬಾಯಲ್ಲಿ ಒಣಗುತ್ತದೆ. ಅತ್ತೆ ಅದನ್ನು 'ಪಿತ್ರಾರ್ಜಿತ ರೈಲು' ಮಾಡಿಬಿಟ್ಟರು: ಅಜ್ಜ ಮಾಡಿಟ್ಟದ್ದು, ಮಾರುವಂತಿಲ್ಲ, ರಿಪೇರಿ ಮಾಡಿಸುತ್ತಾ ಇರಬೇಕು.

ಕೊನೆಯದು, ಸ್ವಲ್ಪ ತುರ್ತು. ಮಗಳಿಗೆ ಶಾಲೆಯಲ್ಲಿ 'ನನ್ನ ಪ್ರವಾಸ' ಎಂದು ಹತ್ತು ಸಾಲು ಬರೆಯಲು ಹೇಳಿದ್ದಾರೆ, ಸೋಮವಾರ ಕೊಡಬೇಕು. ಆರನೇ ಸಾಲು ಹೀಗಿದೆ: "ಇಂಜಿನ್ ಮೇಲಕ್ಕೆ ಹಬೆಯನ್ನು ಉಗಿಯಿತು." ನಮ್ಮನೆಯವರು ತಿದ್ದಬೇಕು ಎನ್ನುತ್ತಾರೆ. ನಾನು ಪೆನ್ಸಿಲ್ ಹಿಡಿದು ಎರಡು ಸಲ ಕೂತೆ, ಎರಡು ಸಲವೂ ಇಟ್ಟೆ. ಏನು ಮಾಡಲಿ?