ನೋವಿನ ಮಾತ್ರೆಯ ನಶೆ ತಡೆಯುವ ಕೆಲಸಕ್ಕೆ ಊರಿನ ಹುಡುಗರನ್ನು ಸೇರಿಸೋದು ಹೇಗೆ?

ಪಡುಗಾಳಿ:
ನಮ್ಮದು ಸುರತ್ಕಲ್ ಹತ್ತಿರದ ಯುವಕ ಮಂಡಲ. ವಾಲಿಬಾಲ್, ಮೊಸರು ಕುಡಿಕೆ, ಹುಲಿವೇಷ, ವರ್ಷವಿಡೀ ಏನಾದರೂ ಇದ್ದೇ ಇರುತ್ತದೆ. ಈ ಸಲ ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೂ ಒಂದು ಕಾರ್ಯಕ್ರಮ ಆಗಲಿ ಅಂತ ಹಿರಿಯರು ಹೇಳಿದ್ದಾರೆ. ಅವರ ಮನಸ್ಸಲ್ಲಿ ಇರೋದು ಒಂದು ಜಾಥಾ, ಒಂದು ಬ್ಯಾನರ್, ಪ್ರತಿಜ್ಞೆ, ಆಮೇಲೆ ಸಜ್ಜಿಗೆ ಬಜಿಲ್.

ಪೇಪರಲ್ಲಿ ಬರೋದು ಜಾಸ್ತಿ ಗಾಂಜಾ, ಎಂಡಿಎಂಎ ಸುದ್ದಿ. ನನಗೆ ತಲೆಬಿಸಿ ಇರೋದು ನೋವಿನ ಮಾತ್ರೆಗಳದ್ದು. ಟ್ರಾಮಡಾಲ್, ಟಪೆಂಟಡಾಲ್, ಜೊತೆಗೆ ಕೊಡೀನ್ ಇರುವ ಕೆಮ್ಮಿನ ಸಿರಪ್, ಎಲ್ಲ ಅಫೀಮು ಜಾತಿಯ ಮದ್ದುಗಳು. ಹೊಗೆ ಇಲ್ಲ, ವಾಸನೆ ಇಲ್ಲ, ಮನೆಯವರು ಸ್ಟ್ರಿಪ್ ನೋಡಿದರೂ ಮೈಕೈ ನೋವಿಗೆ ಇರಬೇಕು ಅಂದುಕೊಳ್ಳುತ್ತಾರೆ. 2019ರ ಏಮ್ಸ್ ಸರ್ವೆಯಲ್ಲಿ ಅಫೀಮು ಜಾತಿಯ ವಸ್ತು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ ಅಂತ ಇತ್ತು. ಅದರಲ್ಲಿ ಹೆರಾಯಿನ್ ಬಿಟ್ಟರೆ ಮುಂದಿನ ಜಾಗ ಇಂಥ ಔಷಧಿಗಳದ್ದೇ.

16ರಿಂದ 22ರ ಒಳಗಿನವರನ್ನು ಕುರ್ಚಿ ತುಂಬಿಸಲಿಕ್ಕೆ ಅಲ್ಲದೆ ನಿಜವಾಗಿ ಕೆಲಸಕ್ಕೆ ಸೇರಿಸೋದು ಹೇಗೆ? ಒಬ್ಬರು ಹಿರಿಯರು, "ಯಾರು ತಗೊಳ್ಳುತ್ತಾರೆ ಅಂತ ಹುಡುಗರೇ ಪಟ್ಟಿ ಮಾಡಿ ಪೊಲೀಸರಿಗೆ ಕೊಡಲಿ" ಅಂದರು. ನನಗೆ ಯಾಕೋ ಸರಿ ಕಾಣಲಿಲ್ಲ.

ಮಣಿಪಾಲದ ಸಿಸ್ಟರ್:
ಪಟ್ಟಿ ಖಂಡಿತ ಬೇಡ ಮಾರಾಯ್ರೆ. ಒಂದು ಸಲ ಹುಡುಗರು ಮಾಹಿತಿದಾರರು ಅಂತ ಹೆಸರು ಬಂದರೆ ಮತ್ತೆ ಯಾವನೂ ಅವರ ಹತ್ತಿರ ಬಾಯಿ ಬಿಡುವುದಿಲ್ಲ, ಯಾರಿಗೆ ಸಹಾಯ ಬೇಕೋ ಅವರೇ ಮೊದಲು ದೂರ ಹೋಗುತ್ತಾರೆ. ಮಾರುವವರ ಬಗ್ಗೆ ಗೊತ್ತಿದ್ದರೆ ದೊಡ್ಡವರು ಮಾದಕವಸ್ತು ದೂರಿನ ಸಹಾಯವಾಣಿ 1933ಕ್ಕೆ ಫೋನ್ ಮಾಡಲಿ. ತಗೊಳ್ಳುವವನ ಕಥೆ ಬೇರೆ. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಸೆಕ್ಷನ್ ಉಂಟು. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಬಂದು ಚಿಕಿತ್ಸೆ ಪೂರ್ತಿ ಮಾಡಿದರೆ ಅವನ ಮೇಲೆ ಮೊಕದ್ದಮೆ ನಡೆಸುವ ಹಾಗಿಲ್ಲ. ಇದು ಎಷ್ಟು ಮನೆಗಳಿಗೆ ಗೊತ್ತುಂಟು ಹೇಳಿ?

ಹುಡುಗರಿಗೆ ಕೊಡಬಹುದಾದ ಒಳ್ಳೆಯ ಕೆಲಸ ಪ್ರಥಮ ಚಿಕಿತ್ಸೆ. ಡೋಸ್ ಜಾಸ್ತಿಯಾದಾಗ ಪಕ್ಕದಲ್ಲಿ ಇರುವುದು ಅಪ್ಪ ಅಮ್ಮ ಅಲ್ಲ, ಫ್ರೆಂಡ್ಸ್. ಈ ಜಾತಿಯ ಮದ್ದು ಮೆದುಳು ಉಸಿರಾಟ ನಡೆಸುವುದನ್ನೇ ನಿಧಾನ ಮಾಡುತ್ತದೆ. ಕರೆದರೆ ಏಳುವುದಿಲ್ಲ, ಗೊರಗೊರ ಶಬ್ದ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು. ನಿದ್ದೆ ಮಾಡುತ್ತಿದ್ದಾನೆ ಅಂತ ಬಿಟ್ಟು ಹೋಗುವುದೇ ದೊಡ್ಡ ಅಪಾಯ. 108ಕ್ಕೆ ಫೋನ್ ಮಾಡಬೇಕು, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು, ಉಸಿರು ನೋಡುತ್ತಾ ಅಲ್ಲೇ ಇರಬೇಕು. ಉಸಿರೇ ನಿಂತರೆ 108ರವರು ಫೋನಲ್ಲಿ ಹೇಳಿದ ಹಾಗೆ ಮಾಡಬೇಕು. ಲಿಂಬೆ ಶರಬತ್ತು, ಮಜ್ಜಿಗೆ ಅಂತ ಬಾಯಿಗೆ ಹೊಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟರೆ ಉಸಿರು ವಾಪಸ್ ಬರುತ್ತದೆ, ಆದರೆ ಏನು ತಗೊಂಡಿದ್ದಾನೆ ಅಂತ ಸುಳ್ಳು ಹೇಳಬಾರದು. ಟ್ರಾಮಡಾಲ್ ಆದರೆ ಫಿಟ್ಸ್ ಕೂಡ ಬರಬಹುದು. ಇನ್ನೊಂದು, ಸ್ವಲ್ಪ ಸಮಯ ಬಿಟ್ಟವನು ಮತ್ತೆ ಹಳೆಯ ಡೋಸನ್ನೇ ತಗೊಂಡರೆ ದೇಹ ತಡೆಯುವುದಿಲ್ಲ. ತುಂಬ ಸಾವುಗಳು ಆಗುವುದು ಹಾಗೆ.

ತಲೆಬುರುಡೆ ಚಿತ್ರದ ಬ್ಯಾನರ್ ಬೇಡ. ಮೊದಲು ವ್ಯಸನಿ ಆಗಿದ್ದವರನ್ನು ವೇದಿಕೆಗೆ ಕರೆದು ಅಳಿಸುವುದೂ ಬೇಡ. ವಿಶ್ವಸಂಸ್ಥೆ ಮತ್ತು ಡಬ್ಲ್ಯುಎಚ್‌ಒ 2018ರಲ್ಲಿ ಪ್ರಕಟಿಸಿದ ಮಾನದಂಡಗಳಲ್ಲಿ ಈ ಎರಡೂ ಪ್ರಯೋಜನಕ್ಕೆ ಬಾರದ ವಿಧಾನ ಅಂತಲೇ ಇವೆ.

ಬಂದರು ಮೆಡಿಕಲ್:
ಮೆಡಿಕಲ್ ಶಾಪಿನವನಾಗಿ ಎರಡು ಮಾತು. ಟ್ರಾಮಡಾಲ್ ಶೆಡ್ಯೂಲ್ ಎಚ್1ರಲ್ಲಿ, ಅಂದರೆ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿ ಉಂಟು, 2018ರಿಂದ ಎನ್‌ಡಿಪಿಎಸ್ ಅಡಿಗೂ ಬಂತು. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ರಿಜಿಸ್ಟರಲ್ಲಿ ಬರೆದು 3 ವರ್ಷ ಇಡಬೇಕು. ಹುಡುಗರನ್ನು ಗಿರಾಕಿ ವೇಷದಲ್ಲಿ ಕಳಿಸಿ ನಮ್ಮನ್ನು ಪರೀಕ್ಷೆ ಮಾಡಬೇಡಿ, ಅದಕ್ಕೆ ಡ್ರಗ್ ಇನ್‌ಸ್ಪೆಕ್ಟರ್ ಇದ್ದಾರೆ.

ಮತ್ತೆ, ಮನೆಮನೆಗೆ ಹೋಗಿ ಉಳಿದ ಮಾತ್ರೆ ಸಂಗ್ರಹ ಮಾಡುವ ಯೋಚನೆ ಯಾರಾದರೂ ತರುತ್ತಾರೆ ನೋಡಿ. ದಯವಿಟ್ಟು ಬೇಡ. 17 ವರ್ಷದ ಹುಡುಗನ ಚೀಲದಲ್ಲಿ ಊರಿನ ಎಲ್ಲ ನೋವಿನ ಮಾತ್ರೆ ಇದ್ದರೆ ಎಂತ ಆಗಬಹುದು ಯೋಚಿಸಿ. ಹೇಳಿಕೊಡಲು ಕಳಿಸಿ, ತರಲು ಅಲ್ಲ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಔಷಧಿಗಳ ಪಟ್ಟಿ ಕೊಟ್ಟಿದೆ. ಟ್ರಾಮಡಾಲ್, ಟಪೆಂಟಡಾಲ್, ಮಾರ್ಫಿನ್, ಫೆಂಟಾನಿಲ್ ಎಲ್ಲ ಅದರಲ್ಲಿ ಉಂಟು. ಉಳಿದರೆ ಕಸಕ್ಕೆ ಹಾಕದೆ ಮನೆಯವರೇ ಟಾಯ್ಲೆಟ್‌ನಲ್ಲಿ ಫ್ಲಶ್ ಮಾಡಬೇಕು.

ಉದ್ಯಾವರದವಳು:
ಒಂದು ಆಕ್ಷೇಪ. ನಮ್ಮ ಮನೆಯಲ್ಲಿ ದೊಡ್ಡಮ್ಮನಿಗೆ ಕ್ಯಾನ್ಸರ್, ಮಾರ್ಫಿನ್ ಮಾತ್ರೆಯಿಂದಲೇ ರಾತ್ರಿ ನಿದ್ದೆ. "ಮಾರ್ಫಿನ್ ಅಂದರೆ ಡ್ರಗ್ಸ್ ಅಲ್ವಾ" ಅಂತ ಪಕ್ಕದವರು ಕೇಳಿದ್ದಕ್ಕೆ ದೊಡ್ಡಮ್ಮ ಮಾತ್ರೆ ಬೇಡ ಅಂತ ಹಠ ಹಿಡಿದರು. ಇಂಥವರಿಗೆ ಮದ್ದು ಸುಲಭವಾಗಿ ಸಿಗಲಿ ಅಂತಲೇ 2014ರಲ್ಲಿ ಎನ್‌ಡಿಪಿಎಸ್ ಕಾನೂನು ತಿದ್ದಿದ್ದು. ಡಾಕ್ಟರು ಬರೆದದ್ದನ್ನು ಬೀಗ ಹಾಕಿ ಇಡಿ ಅಂತ ಹುಡುಗರು ಹೇಳಲಿ, ಹೆದರಿಸುವುದು ಬೇಡ.

ಪಿಜಿ ಹುಡುಗ:
ನನಗೆ 20, ದೇರಳಕಟ್ಟೆಯಲ್ಲಿ ಓದುತ್ತಿದ್ದೇನೆ. ಅಣ್ಣ, ಬೇಜಾರು ಮಾಡಬೇಡಿ, ನೇರ ಹೇಳುತ್ತೇನೆ. ನಮ್ಮನ್ನು ಕರೆಯೋದು ಕುರ್ಚಿ ಹಾಕಲಿಕ್ಕೆ, ಪೆಂಡಾಲ್ ಬಿಚ್ಚಲಿಕ್ಕೆ. ಮೀಟಿಂಗ್ ಇಡೋದು ರಾತ್ರಿ 9ಕ್ಕೆ, ಹುಡುಗಿಯರು ಹೇಗೆ ಬರೋದು? ಅಲ್ಲಿಗೆ ಹೋದರೂ ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ಹುಲಿವೇಷಕ್ಕೆ ಲಕ್ಷಗಟ್ಟಲೆ ಎತ್ತುತ್ತೀರಿ, ಅದರಲ್ಲಿ ಸ್ವಲ್ಪ ದುಡ್ಡು ನಮ್ಮ ಕೈಗೆ ಕೊಟ್ಟು ಲೆಕ್ಕ ಕೇಳಿ, ಸ್ಕ್ರಿಪ್ಟ್ ಕೇಳಬೇಡಿ. ರೀಲ್ಸ್ ಮಾಡಬೇಕಾ ನಾಟಕ ಮಾಡಬೇಕಾ ನಾವೇ ನೋಡುತ್ತೇವೆ.

ಮತ್ತೆ ಟೂರ್ನಮೆಂಟ್ ಮುಗಿದ ರಾತ್ರಿ ಹಿರಿಯರು ಬಾಟಲಿ ತೆರೆಯುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಜಾಥಾದಲ್ಲಿ ಅವರೇ ಮುಂದೆ ನಿಂತರೆ ನಮಗೆ ನಗು ಬರುತ್ತದೆ, ಅಷ್ಟೇ.

ಫ್ರೆಂಡ್ ಒಬ್ಬ ನಮ್ಮ ಹತ್ತಿರ ಹೇಳಿಕೊಂಡರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ನಾವು ಕೌನ್ಸೆಲರ್ ಅಲ್ಲ. 14446 ವ್ಯಸನದ ಸಹಾಯವಾಣಿ, 14416 ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಅಂತ ನನಗೇ ಮೊನ್ನೆ ಗೊತ್ತಾಯಿತು.

ರೈಡರ್ ಮಾಸ್ಟ್ರು:
ಉಡುಪಿ ಕಡೆ ಕಬಡ್ಡಿ ಕಲಿಸುತ್ತೇನೆ. ಹುಡುಗ ಹೇಳಿದ್ದು ಕಹಿ, ಆದರೆ ಸರಿ. ನನ್ನ ಕಡೆಯಿಂದ ಎರಡು ವಿಷಯ. ಮೊಣಕಾಲು ಪೆಟ್ಟಾದಾಗ ಮ್ಯಾಚ್‌ಗೋಸ್ಕರ ಮಾತ್ರೆ ನುಂಗಿಸಿ ಆಡಿಸುವ ಚಾಳಿ ನಮ್ಮಲ್ಲಿ ಉಂಟು, ಅದನ್ನು ಮೊದಲು ನಿಲ್ಲಿಸಬೇಕು. ಇನ್ನೊಂದು, ಯಾರೋ ತಗೊಳ್ಳುತ್ತಾನೆ ಅಂತ ಗೊತ್ತಾದ ಕೂಡಲೇ ಟೀಮಿಂದ ತೆಗೆದು ಹಾಕುತ್ತಾರೆ. ಸಂಜೆ ಮೈದಾನ ಇಲ್ಲದವನು ಎಲ್ಲಿಗೆ ಹೋಗಬೇಕು? ಆಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಸ್ಕೋರ್ ಬರೆಯಲಿ, ಚಿಕಿತ್ಸೆ ನಡೆಯಲಿ, ಜರ್ಸಿ ಮಾತ್ರ ವಾಪಸ್ ತಗೋಬೇಡಿ. ಐಸ್‌ಲ್ಯಾಂಡಿನವರು ಮಕ್ಕಳ ಸಂಜೆ ಹೊತ್ತಿಗೆ ಆಟ, ಸಂಗೀತ ಅಂತ ಸರ್ಕಾರದ ದುಡ್ಡು ಹಾಕಿದರು, ಅಪ್ಪ ಅಮ್ಮಂದಿರನ್ನೂ ಎಳೆದು ತಂದರು. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದವರು 15-16ರ ಮಕ್ಕಳಲ್ಲಿ 1998ಕ್ಕೆ ಶೇಕಡಾ 42 ಇದ್ದದ್ದು 2016ಕ್ಕೆ ಶೇಕಡಾ 5. ಅದು ಕುಡಿತದ ಲೆಕ್ಕ, ಮಾತ್ರೆಯದ್ದಲ್ಲ, ಆದರೂ ದಾರಿ ಅದೇ ಅನಿಸುತ್ತದೆ ನನಗೆ.

ಪಡುಗಾಳಿ:
ಎಲ್ಲರಿಗೂ ಥ್ಯಾಂಕ್ಸ್. ಆದಿತ್ಯವಾರ ಮೀಟಿಂಗ್ ಉಂಟು, ಸಂಜೆ 5ಕ್ಕೆ ಇಡಿಸಿದ್ದೇನೆ. ಪಟ್ಟಿಯ ವಿಷಯ ಅಲ್ಲೇ ಕೈಬಿಡಿಸುತ್ತೇನೆ. ಬಾಟಲಿ ವಿಷಯ ಎತ್ತಿದರೆ ಗಲಾಟೆ ಗ್ಯಾರಂಟಿ, ಆದರೂ ಎತ್ತುತ್ತೇನೆ. ಸಿಸ್ಟರ್, ಪ್ರಥಮ ಚಿಕಿತ್ಸೆ ಕಲಿಸಲು ಯಾರನ್ನು ಕೇಳೋದು?

ಮಣಿಪಾಲದ ಸಿಸ್ಟರ್:
ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಮಂಡಲದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ. ಆಗದಿದ್ದರೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಪತ್ರ ಆ ಹುಡುಗ ಹುಡುಗಿಯರೇ ಬರೆಯಲಿ, ಸಹಿ ಮಾತ್ರ ನೀವು ಹಾಕಿ. 18ರ ಒಳಗಿನವರ ಮನೆಯವರಿಗೆ ಮೊದಲೇ ತಿಳಿಸಿಬಿಡಿ.